ಶಾವಿಗಿ ಹಾಸಿದ ಕುರ್ಚಿ

ಕೇಳ್ರಿ ಮತ್ತ. ನಡುನಡುವ ಹೂಂ ಅನ್ನಬೇಕು, ಇಲ್ಲಾಂದ್ರ ನಾ ಎದ್ದು ಹೋಗಾಕಿ.

ನಿಮ್ಮಜ್ಜನ ಅಜ್ಜಗೂ ಗೊತ್ತಿಲ್ಲದ ಕಾಲ ಅದು. ಜರ್ಮನ್ ಸೀಮಿ ಅಂತ ಒಂದು ಥಂಡಿ ದೇಶ. ಅಲ್ಲೊಂದು ಊರು. ಊರಿಗೆ ಹೆಸರಿಲ್ಲ. ಯಾಕಿಲ್ಲ ಅಂತ ಕೇಳಬ್ಯಾಡ್ರಿ.

ಆ ಊರಾಗ ಗಾಟ್ಲೀಬ ಅಂತ ಒಬ್ಬ ಮುದುಕ. ಹೆಂಡ್ತಿ ತೀರಿಹೋಗಿ ಬಾಳ ವರ್ಷ ಆಗಿತ್ತು. ಇದ್ದಾಕಿ ಒಬ್ಬಾಕಿ ಮಗಳು, ಒಟ್ಟೀಲಿ. ಆಕಿ ಮಾಡೋ ತತ್ತಿ ಶಾವಿಗಿ ಅಂದ್ರ ಮುದುಕಗ ಜೀವ. ಮುಖ ಸಿಂಡರಿಸಬ್ಯಾಡ ನಿಂಗವ್ವಾ, ಅಲ್ಲಿಯವರು ಹಂಗ ಮಾಡ್ತಾರ. ಗೋದಿ ಹಿಟ್ಟಿಗೆ ತತ್ತಿ ಒಡದು ಹಾಕಬೇಕು, ಚಿಟಿಕಿ ಉಪ್ಪು. ಒಂದ್ ಹನಿ ನೀರ ಹಾಕಂಗಿಲ್ಲ. ನಾದಬೇಕು, ನಾದಬೇಕು, ರಟ್ಟಿ ಬಿದ್ದು ಹೋಗೂತನಕ ನಾದಬೇಕು. ತೆಳ್ಳಗ ಹಾಳಿ ಹಂಗ ಲಟ್ಟಿಸಿ, ಅರಿವಿ ಹಾಸಿ ಆರಾಕ ಹಾಕಬೇಕು. ಅಲ್ಲಿ ಬಿಸಿಲ ಎಲ್ಲಿ ಬರಬೇಕು? ಮನಿಯೊಳಗ ಕುರ್ಚಿ ಮ್ಯಾಲ, ಬೆಂಚಿನ ಮ್ಯಾಲ, ಮಂಚದ ಮ್ಯಾಲ. ಆರಿದ ಹಾಳಿ ಚಾಪಿ ಸುತ್ತಿದಂಗ ಸುತ್ತಿ, ಚಾಕುವಿನಿಂದ ಸಣ್ಣಗ ಕೊಯ್ದು, ಕುದಿಯೋ ಕೋಳಿ ಸಾರಿಗೆ ಬಿಡೂದು.

ಒಟ್ಟೀಲಿಗೆ ಬಾಜೂ ಊರಿನ ಕಾಸ್ಪರ ಅನ್ನೋ ಹುಡುಗನ ಮ್ಯಾಲ ಮನಸಾಗಿತ್ತು. ಕಾಸ್ಪರಗೂ ಆಕಿನ ಬೇಕಾಗಿತ್ತು. ಮುದುಕಗ ಒಂದ ಚಿಂತಿ: ಈಕಿ ಹೋದ್ರ ನನಗ ಶಾವಿಗಿ ಮಾಡೋರು ಯಾರು?

ಆ ಊರಿನ ರಿವಾಜು ಏನಪಾ ಅಂದ್ರ, ಗಂಡಿನವರು ಬಂದಾಗ ಹೆಣ್ಣಿನಪ್ಪ "ಕೂಡ್ರಿ" ಅಂದ್ರ ಹೆಣ್ಣು ಕೊಟ್ಟಂಗ. ಅನ್ನಲಿಲ್ಲಾ, ನಿಂತಾವರು ನಿಂತಂಗ ತಿರುಗಿ ಹೋಗೂದು. ಮೂರು ಸಲ ಹಂಗ ಹೋದ್ರ ಸಂಬಂಧ ಮುಗೀತು.

ಮೊದಲನೇ ರವಿವಾರ ಕಾಸ್ಪರ ತಾಯಿನ ಕರಕೊಂಡು ಬಂದ. ಮುದುಕ ಮುಂಜಾನೇನ ಮಗಳಿಗೆ ಹೇಳಿದ್ದ, "ಎಂಟು ತತ್ತಿ ಶಾವಿಗಿ ಮಾಡವಾ." ನೋಡಿದ್ರ ಎಲ್ಲಾ ಕುರ್ಚಿ ಮ್ಯಾಲ ಶಾವಿಗಿ ಹಾಳಿ.

"ಏನ್ ಮಾಡ್ಲಿರಿ? ಇನ್ನೂ ಹಸಿ ಅದಾವ," ಅಂದ ಮುದುಕ.

ನಿಂತರು, ಹೋದರು.

ಎರಡನೇ ರವಿವಾರ ಹನ್ನೆರಡು ತತ್ತಿ. ಕುರ್ಚಿ ಆತು, ಬೆಂಚಾತು. "ಇನ್ನೂ ಹಸಿ ಅದಾವ."

ಕಾಸ್ಪರನ ತಾಯಿಗೆ ಮೊಳಕಾಲ ಬ್ಯಾನಿ. "ಈ ಮನ್ಯಾಗ ಮಂದಿಗಿಂತ ಶಾವಿಗಿಗೇ ಮರ್ಯಾದಿ ಜಾಸ್ತಿ," ಅಂದ್ಲು. ನಿಂತರು, ಹೋದರು.

ಮೂರನೇ ರವಿವಾರ ಹದಿನಾರು ತತ್ತಿ. ಮಂಚಾನೂ ಬಿಡಲಿಲ್ಲ. ಒಟ್ಟೀಲಿ ಅಳಕೋತ ನಾದಿದ್ಲು, ಅಳಕೋತ ಲಟ್ಟಿಸಿದ್ಲು. ಆಮ್ಯಾಲ ಏನ್ ಮಾಡಿದ್ಲು? ಕಣ್ಣು ಒರಸಿಕೊಂಡು ಒಲಿಗೆ ಒಂದ್ ಹೊರಿ ಕಟಿಗಿ ತುರುಕಿದ್ಲು. ಮನಿ ಬೆಚ್ಚಗಾತು, ಹಾಳಿ ಲಗೂನ ಆರಿದ್ವು.

ಬೀಗರು ಬಂದರು. ಮುದುಕ ಬಾಯಿ ತೆರೆದ, "ಇನ್ನೂ ಹಸಿ..."

"ಆರ್ಯಾವಪ್ಪಾ," ಅಂದ್ಲು ಒಟ್ಟೀಲಿ. "ಈಗ ಕೊಯ್ಯದಿದ್ರ ಎಲ್ಲಾ ಮುರದು ಪುಡಿ ಆಗ್ತಾವ. ಹದಿನಾರು ತತ್ತಿ."

ಮುದುಕ ಒಂದ್ ಅಂಚು ಮುಟ್ಟಿದ. ಲಟಕ್ ಅಂತು. ಅವನ ಎದಿ ಧಸಕ್ ಅಂತು.

"ಏ, ಏನ್ ನೋಡ್ತೀರಿ? ಚಾಕು ಹಿಡೀರಿ!" ಅಂತ ಒದರಿದ ಮುದುಕ.

ಕಾಸ್ಪರ ಕೊಯ್ದ, ಅವನ ತಾಯಿ ಕೊಯ್ದಳು, ಮುದುಕನೂ ಕೊಯ್ದ. ಒಂದೊಂದ ಹಾಳಿ ಎದ್ದಂಗ ಒಂದೊಂದ ಕುರ್ಚಿ ಖಾಲಿ ಆತು. ಮುದುಕನ ಲಕ್ಷ್ಯ ಎಲ್ಲಿತ್ತು? ಶಾವಿಗಿ ಮ್ಯಾಲ.

ಒಟ್ಟೀಲಿ ಬಿಸಿಬಿಸಿ ನಾಕು ಬಟ್ಟಲ ಮೇಜಿನ ಮ್ಯಾಲ ಇಟ್ಟಳು. ಮುದುಕ ಚಮಚಾ ಎತ್ತಿದ. ಆಕಿ ಅವನ ಕೈ ಹಿಡಿದ್ಲು.

"ಮಂದಿನ್ನ ನಿಲ್ಲಿಸಿ ನೀ ಒಬ್ಬನ ಉಣ್ಣೂದು ಚಂದೇನಪ್ಪಾ?"

ಮುದುಕ ಬೀಗರನ್ನ ನೋಡಿದ. ಬಟ್ಟಲ ನೋಡಿದ. ಶಾವಿಗಿ ಸಾರು ಕುಡದು ಉಬ್ಬಾಕ ಹತ್ತಿದ್ವು. ಇನ್ನೊಂದೀಟು ತಡ ಆದ್ರ ಅಂಬಲಿ.

"ಕೂಡ್ರಿ! ಲಗೂನ ಕೂಡ್ರಿ!"

ಕೂತರು. ಕಾಸ್ಪರನ ತಾಯಿ ಎಲ್ಲಾರಕಿಂತ ಮೊದಲ ಕೂತಳು.

ಅರ್ಧ ಬಟ್ಟಲ ಉಂಡ ಮ್ಯಾಲ ಮುದುಕಗ ತಾ ಏನ್ ಅಂದೆ ಅನ್ನೂದು ತಿಳೀತು. ಚಮಚಾ ಇಟ್ಟ. ಕಣ್ಣಾಗ ನೀರ ಬಂತು. "ಶಾವಿಗಿ ಹಾಳಾಗಿ ಹೋಗ್ಲಿ, ಒಟ್ಟೀಲಿ. ನೀ ಹೋದ್ರ ಈ ಮನ್ಯಾಗ ನಾ ಒಬ್ಬಾಂವ ಹೆಂಗ ಇರ್ಲಿ?"

ಒಟ್ಟೀಲಿಗೂ ಅಳು ತಡಿಲಿಲ್ಲ. "ರವಿವಾರಕ್ಕೊಮ್ಮೆ ಬರ್ತೀನಪ್ಪಾ," ಅಂದ್ಲು. ಲಟ್ಟಣಗಿ ಅವನ ಕೈಯಾಗ ಕೊಟ್ಟಳು. "ನೀ ಮಾಡಿಟ್ಟಿರು. ನೀರ ಹಾಕಬ್ಯಾಡ."

ಮದುವಿ ಆತು. ಮುಂದಿನ ರವಿವಾರ ಮಗಳು ಅಳಿಯ ಬಂದರು. ಮುದುಕನ ಶಾವಿಗಿ ಕಿರುಬೆರಳಿನಷ್ಟು ದಪ್ಪ. ಒಳಗ ಇನ್ನೂ ಹಿಟ್ಟು ಹಿಟ್ಟು.

ಮಗಳು ಮೂರು ಬಟ್ಟಲ ಉಂಡಳು.

ಅವರ ಬಟ್ಟಲ ಬರಿದಾತು, ನನ್ನ ಬಾಯಿ ಒಣಗಿತು. ಏಳ್ರಿ, ಯಾರರ ಒಂದ್ ತಂಬಿಗಿ ನೀರ ತರ್ರಿ.