ಕುಳ್ಳಗಾದ ವರ

ಕೆಟ್ಟ ಇಸ್ತ್ರಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದರ್ಜಿ ರಿಪೇರಿ ಅಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದ. ಅವನಿಗಿಂತ ಮೊದಲು ಬಂದಿದ್ದ ಗಂಡ ಹೆಂಡತಿಯ ಹಳೇ ಟೀವಿ ಮೇಜಿನ ಮೇಲೆ ಓಡುತ್ತಿತ್ತು. ಮೇಲೂ ಕೆಳಗೂ ಕಪ್ಪು ಪಟ್ಟಿ. ನಡುವೆ ವಾರ್ತೆ ಓದುವವಳು ಕುಂಬಳಕಾಯಿಯಂತೆ ಅಗಲವಾಗಿದ್ದಳು.

“ನಾಲ್ಕೂ ಕಡೆ ಕುಗ್ಗಿದ್ರೆ ಕರೆಂಟು ಕೊಡೋ ಭಾಗದ ದೋಷ. ಇದು ಮೇಲೆ ಕೆಳಗೆ ಮಾತ್ರ ಕುಗ್ಗಿದೆ, ಎತ್ತರ ಎಳೆಯೋ ಭಾಗದ್ದು,” ಎಂದ ರಿಪೇರಿಯವನು. “ಯಾವಾಗಿಂದ ಹೀಗೆ?”

“ತಿಂಗಳುಗಟ್ಟಲೆ ಆಯ್ತು. ಕಣ್ಣಿಗೆ ಒಗ್ಗಿಹೋಗಿತ್ತು,” ಎಂದ ಗಂಡ.

“ಅಂದ್ರೆ ಇದ್ರಲ್ಲಿ ಎಲ್ರೂ ಕುಳ್ಳಗೆ ಕಾಣ್ತಾರಾ?” ಹೆಂಡತಿಯ ದನಿ ಸಣ್ಣಗಾಯಿತು.

“ಒಂಟೆ ತೋರಿಸಿದ್ರೂ ಹಂದಿ ಥರಾನೇ ಕಾಣೋದಮ್ಮಾ.”

“ರೀ, ಆ ಹುಡುಗನ್ನ ನೋಡಿದ್ದು ಇದ್ರಲ್ಲೇ ಅಲ್ವಾ? ಅವನ ಅಣ್ಣನ ಮದುವೆ ಕ್ಯಾಸೆಟ್ಟಲ್ಲಿ?”

“ಗುಡಾಣದಂಥವನಿಗೆ ಮಗಳನ್ನ ಕೊಡಲ್ಲ ಅಂದಿದ್ದು ನೀನೇ ಕಣೇ.”

“ಒರಳುಕಲ್ಲಿಗೆ ಕೋಟು ಹಾಕಿದ ಹಾಗಿದಾನೆ ಅಂದೋರು ಯಾರು? ಪಾಪ, ‘ಬಾಗಿಲಲ್ಲಿ ತಲೆ ಬಗ್ಗಿಸಿ ಬರೋನಮ್ಮಾ’ ಅಂತ ಮಗಳು ಅಳ್ತಾ ಹೇಳಿದ್ಲು. ಪ್ರೀತಿಗೆ ಕಣ್ಣಿಲ್ಲ ಅಂತ ಬೈದೆ.”

ರಿಪೇರಿಯವನು ಟೀವಿಯ ಹಿಂಬದಿಯ ತಿರುಪನ್ನು ಮೆಲ್ಲಗೆ ತಿರುಗಿಸಿದ. ವಾರ್ತೆಯವಳಿಗೆ ಕುತ್ತಿಗೆ ಬಂತು.

“ನನ್ನ ತಮ್ಮ ಆ ಹುಡುಗನ ಮನೆಗೆ ‘ಬೇಡ’ ಅಂತ ಹೇಳೋಕೆ ಹೊರಟನಾ?” ಎಂದಳು ಹೆಂಡತಿ.

“ಈಗ ಬಸ್ಸಿಗೆ ಕಾಯ್ತಿರ್ತಾನೆ.”

“ಮತ್ತೇನು ನಿಂತಿದೀರಿ? ಓಡ್ರೀ!”

ಗಂಡ ಚಪ್ಪಲಿ ಸಿಕ್ಕಿಸಿಕೊಳ್ಳುತ್ತ ಓಡಿದ. ಹೆಂಡತಿ ಸೆರಗು ಬಿಗಿದು ಅವನನ್ನೂ ಹಿಂದೆ ಹಾಕಿದಳು.

“ಅಮ್ಮಾ, ಟೀವಿ?” ರಿಪೇರಿಯವನು ಕೂಗಿದ.

ಬೀದಿಯ ತಿರುವಿನಿಂದ ಉತ್ತರ ಬಂತು: “ಇರ್ಲಿ ಬಿಡಿ! ನಮ್ಮ ಅಳಿಯಂದಿರು ಬಂದು ಎತ್ಕೊಂಡು ಹೋಗ್ತಾರೆ!”