ರುದ್ರಮೂರ್ತಿಗೊಂದು ಎಲೆ

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಕಡೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅತ್ತೆ ಸೊಸೆ ಕೂತಿದ್ದರು. ದೇವನೂರಿನ ಬಸ್ಸಿಗೆ ಕಾಯುತ್ತಿದ್ದರು. ಸೊಸೆಯ ಮಡಿಲಲ್ಲಿ ಬಾಳೆಲೆಗಳಿದ್ದವು.

"ಒಂದೆಲೆ ಕಮ್ಮಿ ಐತಲ್ಲೇ ಸುಮನಾ."

"ಸರಿಯಾಗೇ ತಂದಿದೀನಿ ಅತ್ತೆ. ಮಾವಂಗೊಂದು, ನಿಮ್ಮತ್ತೆಗೊಂದು."

"ರುದ್ರಮೂರ್ತಿಗೆ?"

"ನಿಮ್ ಮಗಂಗೆ ಎಡೆ ಇಡ್ತೀರಾ? ಅವ್ರು ಓಡಿಸ್ತಿದ್ದ ಲಾರಿ ಸಿಕ್ತು, ಅವ್ರು ಸಿಗ್ಲಿಲ್ಲ, ಅಷ್ಟೇ. ಹೋಗ್ಬಿಟ್ರು ಅಂತ ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣೇ. ಹೋಗಿದ್ರೆ? ಹಿರೀರೆಲ್ಲ ಉಣ್ಣೋವಾಗ ನನ್ ಮಗ ಒಬ್ನೇ ಹಸ್ಕೊಂಡು ನಿಂತಿರ್ತಾನೆ."

"ಬದ್ಕಿರೋರಿಗೆ ಎಡೆ ಇಟ್ರೆ ಅವ್ರಿಗೇನಾಗ್ತದೋ ಅತ್ತೆ."

"ನಿನ್ ಮಗ್ಳು ಕೃತಿಕಾ ಸ್ಕೂಲಿಂದ ಬಂದು ಏನೋ ಹೇಳ್ತಿದ್ಲಲ್ಲ?"

"ಮುಂದಿನ್ ತಿಂಗ್ಳು ಹ್ಯಾಲೋವೀನ್ ಅಂತೆ. ಯಾವ್ದೋ ದೇಶದಲ್ಲಿ ಸತ್ತೋರು ಮನೆಗೆ ಬತ್ತಾರೆ ಅಂತ ದೀಪ ಇಡೋರಂತೆ. ಅಪ್ಪಂಗೂ ಇಡಣ ಅಂದ್ಲು. ಬಾಯ್ಮುಚ್ಚು ಅಂತ ಗದರಿಬಿಟ್ಟೆ."

ದೇವನೂರಿನ ಬಸ್ಸು ಬಂದು ನಿಂತಿತು.

"ಎಡೆ ಇಟ್ಟು, ಹಿರೀರು ಉಣ್ಲಿ ಅಂತ ಬಾಗ್ಲು ಹಾಕಿ ಎಲ್ರೂ ಹೊರಗೆ ನಿಂತಿರ್ತೀವಲ್ಲ ಅತ್ತೆ, ಆವಾಗ ಅವ್ರೇ ಬೀದೀಲಿ ನಡ್ಕೊಂಡು ಬಂದ್ಬಿಟ್ರೆ? ಏನಂತ ಹೇಳೋದು?"

"ಬಾಗ್ಲು ತೆಗ್ದು, ಊಟ ಬಡ್ಸೈತೆ, ಒಳಗ್ ಬಾರೋ ಅಂತೀನಿ."

ಇಬ್ಬರೂ ಎದ್ದರು. ಬಸ್ಸಿನ ಕಡೆಗಲ್ಲ, ನಿಲ್ದಾಣದ ಬಾಗಿಲಲ್ಲಿ ಬಾಳೆಲೆ ಮಾರುತ್ತಿದ್ದವಳ ಕಡೆಗೆ ನಡೆದರು.