ಸವಿಲಾ ಮಗುವನ್ನು ಕೌದಿಯ ಮೇಲಿಟ್ಟಳು

ಸವಿಲಾ ರಾಬರ್ ಅವರನ್ನು ನೆನೆಯಲು ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಅವರ ಅಣ್ಣ ಲೀವೈ ಕೊನೆಯ ಸಾಲಿನಲ್ಲಿ ಕುಳಿತಿದ್ದಾರೆ. ಲೀವೈ, ನೀವು ಬಂದಿರಲ್ಲ, ಅದೇ ದೊಡ್ಡದು. ನಿಮ್ಮ ಕುಟುಂಬದ ದುಃಖದಲ್ಲಿ ನಾವೂ ಇದ್ದೇವೆ.

ನಾನು ಲೋರ್ನಾ ಹ್ಯಾಸ್ಕೆಟ್. ನಮ್ಮ ಹೆರಿಗೆ ಕೇಂದ್ರದಲ್ಲಿ ಸವಿಲಾ ಸೂಲಗಿತ್ತಿ, ನಾನು ನರ್ಸು — ಹತ್ತೊಂಬತ್ತು ವರ್ಷ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಿಮಗೆ ಗೊತ್ತು. ಇವತ್ತೂ ಇದೆ. ಬಾಯಿ ತಪ್ಪಬಾರದೆಂದು ಬರೆದುಕೊಂಡು ಬಂದಿದ್ದೇನೆ.

ದೂರದಿಂದ ಬಂದವರಿಗೆ ಒಂದು ಮಾತು. ಸವಿಲಾ ಆಮಿಶ್ ಮನೆಯ ಮಗಳು; ಕಾಲೇಜು, ಕಾರು ಬೇಡವೆನ್ನುವ ಕ್ರೈಸ್ತ ಪಂಗಡ ಅದು. ದೀಕ್ಷಾಸ್ನಾನದಲ್ಲಿ ಅದಕ್ಕೆ ಮಾತು ಕೊಟ್ಟ ಮೇಲೆ ಕಾಲೇಜಿಗೆ ಹೋಗಿ ಓದಿದಳು, ಕಾರು ಕಲಿತಳು. ಅವರ ಸಭೆ ಅವಳಿಗೆ ಬಹಿಷ್ಕಾರ ಹಾಕಿತು. ಅವಳೊಂದಿಗೆ ಯಾರೂ ಒಂದೇ ಮೇಜಿನಲ್ಲಿ ಕೂತು ಉಣ್ಣುವಂತಿಲ್ಲ. ಅವಳ ಕಾರು ಹತ್ತುವಂತಿಲ್ಲ. ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ — ಏನನ್ನೂ.

ಐದು ವರ್ಷದ ಹಿಂದೆ, ಜನವರಿಯ ಒಂದು ಮಧ್ಯಾಹ್ನ, ಲೀವೈ ಫೋನು ಮಾಡಿದರು. ಹೆಂಡತಿಗೆ ನೋವು ಶುರುವಾಗಿತ್ತು.

"ಬೇರೆ ಯಾರನ್ನಾದ್ರೂ ಕಳ್ಸಿ. ಸವಿಲಾ ಬೇಡ."

ನನಗೆ ಮೈಯೆಲ್ಲ ಉರಿಯಿತು. "ಇವತ್ತು ಇರೋದು ಅವಳೊಬ್ಬಳೇ. ಬೇಕಾದ್ರೆ ಹೇಳಿ, ಇಲ್ಲಾಂದ್ರೆ ಬಿಡಿ" ಅಂದೆ.

ಸವಿಲಾ ಆಗಲೇ ಕೋಟು ಹಾಕುತ್ತಿದ್ದಳು. "ಕಾರು ನೀನು ಓಡ್ಸು ಮಾರಾಯ್ತಿ. ಬಾಯಿ ಮಾತ್ರ ಓಡಿಸ್ಬೇಡ."

ಲೀವೈ ಅವರ ಮನೆಯಲ್ಲಿ ಮಗು ಹುಟ್ಟಿತು, ಉಸಿರಾಡಲಿಲ್ಲ. ಸವಿಲಾ ಎರಡು ಬೆರಳು ಎದೆಯ ಮೇಲೆ — ಹೀಗೆ — ಇಟ್ಟು ಒತ್ತಿದಳು, ಉಸಿರು ಊದಿದಳು. ಮತ್ತೆ ಒತ್ತಿದಳು. ಮತ್ತೆ ಊದಿದಳು. ಕೊನೆಗೂ ಅತ್ತಿತು. ಹಾಸಿಗೆಯ ಆಚೆ ಸವಿಲಾಳ ಹೆತ್ತ ತಾಯಿ ನಿಂತಿದ್ದರು. ಮೊಮ್ಮಗುವಿಗಾಗಿ ಎರಡೂ ಕೈ ಚಾಚಿದರು — ಅರ್ಧಕ್ಕೇ ನಿಲ್ಲಿಸಿದರು. ಹದಿನಾಲ್ಕು ವರ್ಷ ಮಗಳ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಂಡವರಲ್ಲ. ನಾನು ಮನಸ್ಸಿನಲ್ಲೇ ಕೂಗಿದೆ: ಬಿಡಬೇಡ ಸವಿಲಾ, ಹಿಡಿದುಕೊಂಡೇ ನಿಲ್ಲು, ಇವತ್ತು ತೆಗೆದುಕೊಳ್ಳಲೇಬೇಕು.

ಸವಿಲಾ ಮಗುವನ್ನು ಕೌದಿಯ ಮೇಲಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದಳು. ತಾಯಿ ಎತ್ತಿಕೊಂಡರು.

ಆಮೇಲೆ ಗೋಡೆಯ ಪಕ್ಕದ ಪುಟ್ಟ ಮೇಜಿನಲ್ಲಿ ಅವಳಿಗೆ ಬೇರೆಯಾಗಿ ನೂಡಲ್ ಸೂಪು ಬಡಿಸಿದರು. ಎರಡು ಸಲ ಹಾಕಿಸಿಕೊಂಡು ತಿಂದಳು. ಕಾರಿನಲ್ಲಿ ನಾನು ಸಿಡಿದೆ.

"ಇನ್ನೊಂದು ಗಳಿಗೆ ಹಿಡ್ಕೊಂಡಿದ್ರೆ ನಿಮ್ಮಮ್ಮ ತಗೊಳ್ತಿದ್ರು ಕಣೇ. ನೀನು ಗೆದ್ದುಬಿಡ್ತಿದ್ದೆ."

"ಮಗು ತಣ್ಣಗಾಗ್ತಿತ್ತಲ್ಲ, ಲೋರ್ನಾ."

ಸ್ವಲ್ಪ ದೂರ ಹೋದಮೇಲೆ ಅಂದಳು: "ಶತ್ರುಗಳನ್ನೇ ಪ್ರೀತಿಸಿ ಅಂದಿದಾನೆ ಯೇಸು. ಇವ್ರು ನಮ್ಮಮ್ಮ, ನಮ್ಮಣ್ಣ. ಇಷ್ಟು ಸುಲಭದ ಪರೀಕ್ಷೇಲೂ ಫೇಲಾಗ್ಲಾ?"

ಹಾಗೆಂದು ನಕ್ಕಳು. ಆಮೇಲೆ ಮನೆ ಮುಟ್ಟುವವರೆಗೂ ಅತ್ತಳು. ಅದು ಸುಲಭವಾಗಿರಲಿಲ್ಲ — ಇಲ್ಲಿರುವ ಎಲ್ಲರಿಗೂ ಇದು ತಿಳಿದಿರಲಿ.

ಕಳೆದ ವಾರ ಅವಳನ್ನು ಮಣ್ಣು ಮಾಡಲು ಅವಳ ತಂದೆಯ ಸಮಾಧಿಯ ಪಕ್ಕ ಜಾಗ ಕೇಳಲು ಹೋದೆವು. ಸಭೆಯವರು ಆಗುವುದಿಲ್ಲ ಎಂದರು. ನಾನು ವಾಪಸು ಬಂದವಳೇ ಒಂದು ಠರಾವು ಮಂಡಿಸಿದೆ: ಆ ಸಭೆಯ ಮನೆಗಳ ಹೆರಿಗೆಗೆ ಇನ್ನು ನಮ್ಮ ಕೇಂದ್ರದಿಂದ ಯಾರೂ ಹೋಗಬಾರದು. ಅವರು ಅವಳನ್ನು ಹೊರಗಿಟ್ಟರು, ನಾವು ಅವರನ್ನು ಹೊರಗಿಡೋಣ. ಒಬ್ಬರೂ ಬೇಡವೆನ್ನಲಿಲ್ಲ. ನಾಳೆ ಅದಕ್ಕೆ ಸಹಿ ಬೀಳಬೇಕು. ಲೀವೈ ಅವರ ಹಿರಿಮಗಳಿಗೆ ಈಗ ದಿನ ತುಂಬಿದೆ. ಗೊತ್ತಿದ್ದೇ ಮಂಡಿಸಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಆ ಠರಾವನ್ನು ನಿಮ್ಮೆಲ್ಲರ ಎದುರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೋಪ ಹೋಗಿದೆಯೇ? ಇಲ್ಲ. ಅದು ಹೋಗಲಿ ಎಂದು ನಾನು ಕಾಯಬಹುದು, ಹುಟ್ಟುವ ಮಗು ಕಾಯುವುದಿಲ್ಲ. ಲೀವೈ, ನೀವು ಕರೆಯಿರಿ. ಸೂಲಗಿತ್ತಿಯನ್ನು ಕರೆದುಕೊಂಡು ನಾನೇ ಬರುತ್ತೇನೆ. ಬಾಗಿಲಲ್ಲಿ ಒಂದು ಮಾತೂ ಆಡುವುದಿಲ್ಲ.

ಈಗ ಸವಿಲಾಳಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಲೀವೈ — ಬಹಿಷ್ಕೃತೆಗಾಗಿ ಏಕೆ ಎದ್ದು ನಿಂತಿರಿ ಎಂದು ನಾಳೆ ನಿಮ್ಮನ್ನು ಯಾರಾದರೂ ಕೇಳುವಂತಿದ್ದರೆ ಕೂತೇ ಇರಿ. ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ನಾನೂ ನೋಡುವುದಿಲ್ಲ.

ಉಳಿದವರೆಲ್ಲ ದಯವಿಟ್ಟು ಏಳಿ.